ನೆಟ್ ಇಲ್ಲದಾಗ ಕಾಯುವ ಆಂಟಿವೈರಸ್ ಯಾವುದು?

ಉಚಿತದ್ದೋ, ದುಡ್ಡು ಕೊಟ್ಟದ್ದೋ? ಪರೀಕ್ಷಾ ಸಂಸ್ಥೆಗಳ ಅಂಕಪಟ್ಟಿಯನ್ನು ಮಲೆನಾಡಿನ ಮನೆಯಲ್ಲಿ ಕೂತು ಓದುವ ಬಗೆ

ಆಷಾಢದ ಒಂದು ಶನಿವಾರ, ಬಟವಾಡೆಯ ದಿನ. ಮೂಡಿಗೆರೆ ಕಡೆಯ ನಮ್ಮ ತೋಟದ ಆಫೀಸಿನಲ್ಲಿ ರೈಟರ್ ಚೆಕ್‌ರೋಲಿನ ಲೆಕ್ಕ ಮುಗಿಸಿದರು. ಸಂಬಳದ ಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಪೇಟೆಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದರು. ಎಲ್ಲೋ ಮರ ಬಿದ್ದು ಫೈಬರ್ ತುಂಡಾಗಿ ಮೂರು ದಿನವಾಗಿತ್ತು, ನೆಟ್ ಇರಲಿಲ್ಲ. ವಾಪಸು ಬಂದು ಅದೇ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ‘ಜುಲೈ ಬಟವಾಡೆ’ ಎಂಬ ಫೋಲ್ಡರ್ ಇತ್ತು, ಹೆಸರೂ ಅದೇ. ಆದರೆ ಅದರ ಎಡಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತು ಹೊಸದಾಗಿ ಬಂದಿತ್ತು.

“ಸಾರ್, ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿ ಕೂತಿದೆ” ಎಂದು ಅವರು ನನ್ನನ್ನು ಕರೆಯುವ ಹೊತ್ತಿಗೆ ಅದರ ಮೇಲೆ ಎರಡು ಸಲ ಒತ್ತಿ ಆಗಿತ್ತು.

ಕಂಪ್ಯೂಟರಿನಲ್ಲಿ ಆಂಟಿವೈರಸ್ ಇತ್ತು. ಅದೂ ದುಡ್ಡು ಕೊಟ್ಟು ಕೊಂಡದ್ದು. ಡಬ್ಬಿಯ ಮೇಲೆ ಪರೀಕ್ಷಾ ಸಂಸ್ಥೆಯ ಪ್ರಶಸ್ತಿಯ ಮುದ್ರೆಯೂ ಇತ್ತು. ಶನಿವಾರ ಅದು ಚಕಾರ ಎತ್ತಲಿಲ್ಲ. ಸೋಮವಾರ ನೆಟ್ ಬಂದ ಸ್ವಲ್ಪ ಹೊತ್ತಿಗೆ ಕೆಂಪು ಪಟ್ಟಿ ತೋರಿಸಿ ‘ಅಪಾಯ ತೆಗೆದುಹಾಕಲಾಗಿದೆ’ ಎಂದಿತು. ಅಷ್ಟರಲ್ಲಿ ಆಫೀಸಿನ ಇನ್ನೆರಡು ಪೆನ್‌ಡ್ರೈವಿಗೆ ಅದೇ ರೋಗ ಹತ್ತಿತ್ತು. ನಮ್ಮ ಪುಣ್ಯಕ್ಕೆ ಪಟ್ಟಿಗಳು ಅಳಿಸಿರಲಿಲ್ಲ. ಈ ಜಾತಿಯ ವೈರಸ್ ಅಸಲಿ ಫೋಲ್ಡರನ್ನು ಅಡಗಿಸಿಟ್ಟು, ತನ್ನನ್ನು ಎಬ್ಬಿಸುವ ಶಾರ್ಟ್‌ಕಟ್ ಒಂದನ್ನು ಆ ಜಾಗದಲ್ಲಿ ಇಡುತ್ತದೆ. ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಒತ್ತಿದಾಗ ನಮ್ಮ ಪಟ್ಟಿಗಳೆಲ್ಲ ಸಿಕ್ಕವು.

ಆ ಡಬ್ಬಿಯ ಮೇಲಿನ ಪ್ರಶಸ್ತಿ ಸುಳ್ಳಲ್ಲ ಎಂಬುದು ನನಗೆ ಆಮೇಲೆ ಪರೀಕ್ಷೆಯ ವರದಿಗಳನ್ನು ಓದಿದಾಗ ತಿಳಿಯಿತು. ಅದು ನೆಟ್ ಇರುವ ಕಂಪ್ಯೂಟರಿನಲ್ಲಿ ಗೆದ್ದ ಪ್ರಶಸ್ತಿ. ಇಂಥ ಸಂಸ್ಥೆಗಳಲ್ಲೊಂದು ನೆಟ್ ಇಲ್ಲದಾಗಿನ ಲೆಕ್ಕವನ್ನೂ ಬೇರೆ ಕಾಲಂನಲ್ಲಿ ಕೊಡುತ್ತದೆ. ಬೆಂಗಳೂರಿನವರು ಆ ಕಾಲಂ ನೋಡದಿದ್ದರೂ ನಡೆದೀತು. ಕಳಸ, ಹೊರನಾಡು, ಸಂಸೆ, ಕೊಟ್ಟಿಗೆಹಾರದ ಕಡೆಯ ನಾವು ಅದನ್ನು ನೋಡದೆ ಆಂಟಿವೈರಸ್ ಆರಿಸಿಕೊಳ್ಳಬಾರದು.

ಓಟಿ ನೋಡಿದ ಹಾಗೆ ನೋಡಬೇಕು

ಪರೀಕ್ಷೆ ಎಂದರೇನು ಎಂಬುದನ್ನು ಕಾಫಿ ಬೆಳೆಗಾರನಿಗೆ ಹೇಳಿಕೊಡಬೇಕಿಲ್ಲ. 50 ಕೆಜಿಯ ಚೆರಿ ಮೂಟೆಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದು ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. ವ್ಯಾಪಾರಿ “ನಿಮ್ಮದು 26 ಬಂತು” ಅಂದ ಕೂಡಲೇ ತಲೆಯಾಡಿಸುವ ಬೆಳೆಗಾರ ಕಡಿಮೆ. ಅದೇ ಮೂಟೆಯಿಂದ ಒಂದಿಷ್ಟು ತೆಗೆದು ಬೇರೆ ಕಡೆ ಸಿಪ್ಪೆ ಬಿಡಿಸಿ ತೂಗಿಸಿ ನೋಡುತ್ತಾನೆ. ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ಮೂರನೆಯವನೊಬ್ಬ ತೂಗಿದರೆ ಮಾತಿಗೆ ತೂಕ ಬರುತ್ತದೆ.

ಆಂಟಿವೈರಸ್ ಲೋಕದಲ್ಲಿ ಹಾಗೆ ತೂಗುವವರು ಮುಖ್ಯವಾಗಿ ನಾಲ್ವರು. ಜರ್ಮನಿಯ ಮಾಗ್ಡೆಬರ್ಗ್ ನಗರದ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪಾರೆಟಿವ್ಸ್, ಲಂಡನ್ನಿನ ಎಸ್‌ಇ ಲ್ಯಾಬ್ಸ್ ಮತ್ತು 1998ರಿಂದ ವಿಬಿ100 ಎಂಬ ಪ್ರಮಾಣಪತ್ರ ಕೊಡುತ್ತಿರುವ ಇಂಗ್ಲೆಂಡಿನ ವೈರಸ್ ಬುಲೆಟಿನ್. ಪರೀಕ್ಷೆ ಹೇಗೆ ನಡೆಯಬೇಕು ಎಂಬುದಕ್ಕೆ ಮಾನದಂಡ ರೂಪಿಸಲು 2008ರಲ್ಲಿ ಆಮ್ಟ್ಸೋ ಎಂಬ ಒಕ್ಕೂಟವೂ ಹುಟ್ಟಿದೆ. ಈ ಸಂಸ್ಥೆಗಳ ವರದಿಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು.

ಇವರನ್ನು ನಂಬಬಹುದೇ? ಪರೀಕ್ಷೆಗೆ ಶುಲ್ಕ ಕೊಡುವವರು ಹೆಚ್ಚಾಗಿ ಆಂಟಿವೈರಸ್ ಕಂಪನಿಗಳೇ ಎಂಬುದು ನಿಜ. ಆದರೆ ಮೋಸ ಕಂಡಾಗ ಈ ಸಂಸ್ಥೆಗಳು ಬಾಯಿ ಮುಚ್ಚಿಕೊಂಡು ಕೂತಿಲ್ಲ. 2015ರಲ್ಲಿ ಚೀನಾದ ಚಿಹೂ 360 ಎಂಬ ಕಂಪನಿ ಪರೀಕ್ಷೆಗೆ ಒಂದು ಬಗೆಯ ತಂತ್ರಾಂಶ ಕಳಿಸಿ, ಜನರಿಗೆ ಇನ್ನೊಂದು ಬಗೆಯದ್ದನ್ನು ಕೊಡುತ್ತಿದ್ದುದು ಬೆಳಕಿಗೆ ಬಂತು. ಪರೀಕ್ಷೆಗೆ ಹೋದದ್ದರಲ್ಲಿ ಬಿಟ್‌ಡಿಫೆಂಡರ್ ಕಂಪನಿಯಿಂದ ಪಡೆದ ಎಂಜಿನ್ ಚಾಲೂ ಇತ್ತು, ಜನರ ಕೈ ಸೇರಿದ್ದರಲ್ಲಿ ಅದು ಬಂದ್ ಆಗಿತ್ತು. ಸ್ಯಾಂಪಲ್ ಪೊಟ್ಟಣದಲ್ಲಿ ಒಂದು ಕಾಫಿ, ಮೂಟೆಯಲ್ಲಿ ಇನ್ನೊಂದು ಕಾಫಿ ಇಟ್ಟ ಹಾಗೆ. ಎವಿ-ಟೆಸ್ಟ್, ಎವಿ-ಕಂಪಾರೆಟಿವ್ಸ್, ವೈರಸ್ ಬುಲೆಟಿನ್ ಮೂರೂ ಒಟ್ಟಾಗಿ ಆ ಕಂಪನಿಗೆ ಆ ವರ್ಷ ಕೊಟ್ಟಿದ್ದ ಪ್ರಶಸ್ತಿಗಳನ್ನು ಹಿಂದಕ್ಕೆ ಪಡೆದವು. ಹಾಗಾಗಿ ಒಂದೇ ಸಂಸ್ಥೆಯ ಒಂದೇ ವರದಿಯನ್ನು ನೆಚ್ಚಿ ಕೂರುವ ಬದಲು ಎರಡು ಸಂಸ್ಥೆಗಳ ಒಂದು ವರ್ಷದ ವರದಿಗಳನ್ನು ಒಟ್ಟಿಗಿಟ್ಟು ನೋಡಿದರೆ ನಂಬಲು ಅಡ್ಡಿಯಿಲ್ಲ.

ಅಂಕಪಟ್ಟಿಯಲ್ಲಿ ಏನೇನಿರುತ್ತದೆ

ಎವಿ-ಟೆಸ್ಟ್ ಎರಡು ತಿಂಗಳಿಗೊಮ್ಮೆ ಫಲಿತಾಂಶ ಕೊಡುತ್ತದೆ. ಮೂರು ವಿಷಯ, ಒಂದೊಂದಕ್ಕೆ 6 ಅಂಕ, ಒಟ್ಟು 18. ಮೊದಲನೆಯದು ರಕ್ಷಣೆ: ವೈರಸ್ ಹಿಡಿಯಿತೇ? ಎರಡನೆಯದು ವೇಗ: ಕಂಪ್ಯೂಟರ್ ಎಷ್ಟು ನಿಧಾನವಾಯಿತು? ಮೂರನೆಯದು ಬಳಕೆಯ ಸಲೀಸು: ಸಾಚಾ ಕಡತವನ್ನೂ ಕಳ್ಳ ಎಂದು ಕೂಗಿತೇ? 17.5 ಅಥವಾ ಹೆಚ್ಚು ಬಂದರೆ ‘ಟಾಪ್ ಪ್ರಾಡಕ್ಟ್’ ಎಂಬ ಮುದ್ರೆ. ಈಚಿನ ವರ್ಷಗಳಲ್ಲಿ ಹೆಸರಾಂತ ಆಂಟಿವೈರಸ್‌ಗಳಲ್ಲಿ ಹೆಚ್ಚಿನವು ಈ ಮುದ್ರೆ ಪಡೆಯುತ್ತವೆ. ಇಡೀ ತರಗತಿಗೆ ಡಿಸ್ಟಿಂಕ್ಷನ್ ಬಂದರೆ ಆ ಪಟ್ಟಿಯಿಂದ ಒಬ್ಬನನ್ನು ಆರಿಸುವುದು ಕಷ್ಟ. ಈ ಪರೀಕ್ಷೆಯಲ್ಲಿ ನಪಾಸಾದವರನ್ನು ದೂರ ಇಡಲು ಮಾತ್ರ ಈ ಪಟ್ಟಿ ಬಳಸಿ.

ಎವಿ-ಕಂಪಾರೆಟಿವ್ಸ್‌ನ ವರದಿಗಳು ಇನ್ನಷ್ಟು ವಿವರವಾಗಿವೆ. ಅಲ್ಲಿ ಮೂರು ಪರೀಕ್ಷೆಗಳನ್ನು ನಾವು ನೋಡಬೇಕು.

ಮೊದಲನೆಯದು ‘ರಿಯಲ್ ವರ್ಲ್ಡ್’ ಪರೀಕ್ಷೆ. ಅಪಾಯಕಾರಿ ಜಾಲತಾಣಗಳಿಗೆ ನಿಜವಾಗಿಯೂ ಹೋಗಿ, ಅಲ್ಲಿಂದ ಬರುವ ದಾಳಿಯನ್ನು ಆಂಟಿವೈರಸ್ ತಡೆಯುತ್ತದೆಯೇ ಎಂದು ನೋಡುವುದು. ಒಂದು ಸುತ್ತಿಗೆ ಸುಮಾರು 400 ದಾಳಿಗಳು. ಇಲ್ಲಿ ಓದುಗರು ಹೆಚ್ಚಾಗಿ ಎಡವುವುದು ದಶಾಂಶದಲ್ಲಿ. ಒಂದಕ್ಕೆ 99.5, ಇನ್ನೊಂದಕ್ಕೆ 99.0 ಬಂತು ಅಂದುಕೊಳ್ಳಿ. ನೋಡಲು ದೊಡ್ಡ ಅಂತರ. ಲೆಕ್ಕ ಹಾಕಿ: 400ರಲ್ಲಿ ಮೊದಲನೆಯದು ಬಿಟ್ಟದ್ದು 2, ಎರಡನೆಯದು ಬಿಟ್ಟದ್ದು 4. ಮುಂದಿನ ಸುತ್ತಿನಲ್ಲಿ ಅದು ತಿರುಗುಮುರುಗಾಗಬಹುದು. ಸಂಸ್ಥೆಯೇ ಇಂಥ ಅಂತರವನ್ನು ಅಂತರವೆಂದು ಎಣಿಸದೆ ಎರಡನ್ನೂ ಒಂದೇ ಗುಂಪಿಗೆ ಹಾಕಿರುತ್ತದೆ. ‘ನಾವು ನಂಬರ್ ಒನ್’ ಎಂಬ ಜಾಹೀರಾತು ಇಂಥ ಅರ್ಧ ಅಂಕದ ಮೇಲೆ ನಿಂತಿರುತ್ತದೆ.

ಇದೇ ವರದಿಯಲ್ಲಿ ‘ಬಳಕೆದಾರರ ಮೇಲೆ ಬಿಟ್ಟದ್ದು’ ಎಂಬ ಇನ್ನೊಂದು ಬಣ್ಣದ ಪಟ್ಟಿ ಇರುತ್ತದೆ. ಅಂದರೆ ಆಂಟಿವೈರಸ್ ತಾನು ತೀರ್ಮಾನಿಸದೆ ‘ಬಿಡಲೇ, ತಡೆಯಲೇ?’ ಎಂದು ನಮ್ಮನ್ನು ಕೇಳಿದ ಸಂದರ್ಭ. ಅಂಥದ್ದಕ್ಕೆ ಸಂಸ್ಥೆ ಅರ್ಧ ಅಂಕ ಕೊಡುತ್ತದೆ. ಮನೆಯಲ್ಲಿ ಅಜ್ಜ, ಮಕ್ಕಳು, ಕೆಲಸದವರು ಎಲ್ಲರೂ ಮುಟ್ಟುವ ಕಂಪ್ಯೂಟರಾದರೆ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಆಂಟಿವೈರಸ್ಸಿಗೆ ನೀವು ಸೊನ್ನೆ ಹಾಕಿಕೊಂಡೇ ಲೆಕ್ಕ ಮಾಡಿ.

ಎರಡನೆಯದು ‘ಮಾಲ್‌ವೇರ್ ಪ್ರೊಟೆಕ್ಷನ್’ ಪರೀಕ್ಷೆ. ಮಲೆನಾಡಿಗೆ ಬೇಕಾದ ಕಾಲಂ ಇರುವುದು ಇಲ್ಲಿ. ವರ್ಷಕ್ಕೆ ಎರಡು ಸಲ, ಸುಮಾರು 10,000 ಮಾದರಿಗಳ ಮೇಲೆ ನಡೆಯುವ ಈ ಪರೀಕ್ಷೆ ಪೆನ್‌ಡ್ರೈವಿನಿಂದಲೋ ಒಳಗಿನ ನೆಟ್‌ವರ್ಕಿನಿಂದಲೋ ಬರುವ ವೈರಸ್ಸನ್ನು ಕುರಿತದ್ದು. ಫಲಿತಾಂಶದಲ್ಲಿ ಮೂರು ಅಂಕಿಗಳಿರುತ್ತವೆ: ನೆಟ್ ಇಲ್ಲದಾಗ ಎಷ್ಟು ಗುರುತಿಸಿತು, ನೆಟ್ ಇದ್ದಾಗ ಎಷ್ಟು ಗುರುತಿಸಿತು, ಕಡೆಗೆ ನೆಟ್ ಇದ್ದು ವೈರಸ್ಸನ್ನು ಓಡಿಸಿದಾಗ ಎಷ್ಟು ತಡೆಯಿತು. ಜಾಹೀರಾತಿಗೆ ಹೋಗುವುದು ಮೂರನೆಯದು. ನಾವು ಮೊದಲು ಕಣ್ಣು ಹಾಕಬೇಕಾದದ್ದು ಮೊದಲನೆಯದಕ್ಕೆ.

ಮೂರನೆಯದು ವೇಗದ ಪರೀಕ್ಷೆ. ಇದನ್ನು ಅವರು ಕಡಿಮೆ ಶಕ್ತಿಯ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಕಡತ ನಕಲು ಮಾಡಲು, ತಂತ್ರಾಂಶ ತೆರೆಯಲು, ನೆಟ್ಟಿನಿಂದ ಇಳಿಸಲು ಎಷ್ಟು ತಡವಾಯಿತು ಎಂದು ಅಳೆಯುತ್ತಾರೆ. ತೋಟದ ಆಫೀಸಿನ ಹಳೆಯ ಕಂಪ್ಯೂಟರಿಗೆ ಇದು ಬೇಕೇಬೇಕು. ಟ್ಯಾಲಿ ತೆರೆಯಲು ಎರಡು ನಿಮಿಷ ಹಿಡಿದರೆ ಯಾರಾದರೂ ಬೇಸತ್ತು ಆಂಟಿವೈರಸ್ಸನ್ನೇ ಬಂದ್ ಮಾಡಿಡುತ್ತಾರೆ. ಆಮೇಲೆ ಅದರ ಬೇರೆ ಅಂಕಗಳಿಗೆ ಅರ್ಥವಿಲ್ಲ.

ಉಚಿತ, ದುಡ್ಡಿನದು: ಅಂಕಗಳು ಏನನ್ನುತ್ತವೆ

ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಬಗ್ಗೆ ‘ಅದು ಲೆಕ್ಕಕ್ಕಿಲ್ಲ’ ಎಂಬ ಮಾತು ಅಂಗಡಿಗಳಲ್ಲಿ ಇನ್ನೂ ಓಡಾಡುತ್ತಿದೆ. ಒಂದು ಕಾಲಕ್ಕೆ ಅದು ನಿಜವಾಗಿತ್ತು. 2012ರ ಕೊನೆಯ ಹೊತ್ತಿಗೆ ಮೈಕ್ರೋಸಾಫ್ಟಿನ ಉಚಿತ ಆಂಟಿವೈರಸ್ಸಿಗೆ ಎವಿ-ಟೆಸ್ಟ್ ಪ್ರಮಾಣಪತ್ರವನ್ನೇ ಕೊಟ್ಟಿರಲಿಲ್ಲ. ಅದೇ ಎವಿ-ಟೆಸ್ಟ್ 2019ರಲ್ಲಿ ಡಿಫೆಂಡರ್‌ಗೆ 18ಕ್ಕೆ 18 ಕೊಟ್ಟಿತು. ಎಸ್‌ಇ ಲ್ಯಾಬ್ಸ್‌ನ ಮನೆ ಬಳಕೆಯ ಪರೀಕ್ಷೆಗಳಲ್ಲಿಯೂ ಅದಕ್ಕೆ ಅತ್ಯುನ್ನತವಾದ ತ್ರಿವಳಿ ಎ ದರ್ಜೆ ಮತ್ತೆ ಮತ್ತೆ ಬಂದಿದೆ. ನೆಟ್ ಇರುವ ಮನೆಯಲ್ಲಿ, ವಿಂಡೋಸ್ ಅಪ್‌ಡೇಟ್ ಆಗುತ್ತಿದ್ದರೆ, ಡಿಫೆಂಡರ್ ಸಾಕು. ಅದಕ್ಕಿಂತ ದುಡ್ಡಿನದು ಮೇಲು ಎಂದು ರಕ್ಷಣೆಯ ಅಂಕಗಳ ಆಧಾರದಲ್ಲಿ ಹೇಳಲು ಬರುವುದಿಲ್ಲ.

ಬೇರೆ ಉಚಿತ ಆಂಟಿವೈರಸ್‌ಗಳ ಕತೆಯೂ ಹೀಗೆಯೇ. ಅವಾಸ್ಟ್ ಕಂಪನಿ 2016ರಲ್ಲಿ ಎವಿಜಿಯನ್ನು ಕೊಂಡಿತು. 2022ರಲ್ಲಿ ಅವಾಸ್ಟ್, ನಾರ್ಟನ್ ಒಂದಾದವು. ಅವಿರಾ ಅದಾಗಲೇ ನಾರ್ಟನ್ ಕೈ ಸೇರಿತ್ತು. ಹೀಗೆ ಅಂಗಡಿಯಲ್ಲಿ ನಾಲ್ಕು ಬೇರೆ ಬೇರೆ ಡಬ್ಬಿಯಾಗಿ ಕಾಣುವ ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ಇವತ್ತು ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಎವಿ-ಕಂಪಾರೆಟಿವ್ಸ್ ಪರೀಕ್ಷಿಸುವ ಅವಾಸ್ಟ್, ಎವಿಜಿಗಳು ಉಚಿತ ಆವೃತ್ತಿಗಳೇ. ಅವು ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲಿಯೇ ನಿಂತು ಮೇಲಿನ ದರ್ಜೆ ಪಡೆಯುತ್ತವೆ. ಒಂದೇ ಕಂಪನಿಯ ಉಚಿತ ಮತ್ತು ದುಡ್ಡಿನ ಆವೃತ್ತಿಗಳಲ್ಲಿ ವೈರಸ್ ಹಿಡಿಯುವ ಎಂಜಿನ್ ಸಾಮಾನ್ಯವಾಗಿ ಒಂದೇ.

ಹಾಗಾದರೆ ದುಡ್ಡು ಯಾವುದಕ್ಕೆ? ವಿಪಿಎನ್, ಪಾಸ್‌ವರ್ಡ್ ಇಡುವ ಪೆಟ್ಟಿಗೆ, ಮಕ್ಕಳ ಮೇಲಿನ ನಿಗಾ, ಬ್ಯಾಂಕ್ ವ್ಯವಹಾರಕ್ಕೆ ಪ್ರತ್ಯೇಕ ಬ್ರೌಸರ್, ಐದಾರು ಯಂತ್ರಗಳಿಗೆ ಒಂದೇ ಲೈಸನ್ಸ್, ತೊಂದರೆಯಾದಾಗ ಫೋನೆತ್ತುವ ಒಬ್ಬ ಮನುಷ್ಯ. ಇದರಲ್ಲಿ ನಿಮಗೆ ಬೇಕಾದದ್ದು ಇದ್ದರೆ ದುಡ್ಡು ಕೊಡಿ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ ಆದ ಕಂಪನಿಗಳು. ಹತ್ತಿರದ ಪೇಟೆಯಲ್ಲಿ ಡೀಲರ್ ಸಿಗುತ್ತಾರೆ ಎಂಬುದು ಹಳ್ಳಿಯವರಿಗೆ ದೊಡ್ಡ ಅನುಕೂಲ. ಅವುಗಳ ಅಂಕವನ್ನೂ ಇದೇ ಸಂಸ್ಥೆಗಳ ಹೊಸ ವರದಿಯಲ್ಲಿ ನೋಡಿಯೇ ಕೊಳ್ಳಿ.

ಮಳೆಗಾಲದ ಕಾಲಂ

ಈಗ ಆ ಮೊದಲ ಅಂಕಿಗೆ ಬರೋಣ. ಹಿಂದೆ ಆಂಟಿವೈರಸ್ ತನಗೆ ಗೊತ್ತಿರುವ ವೈರಸ್‌ಗಳ ಪಟ್ಟಿಯನ್ನು ಕಂಪ್ಯೂಟರಿನೊಳಗೇ ಇಟ್ಟುಕೊಳ್ಳುತ್ತಿತ್ತು. ಹೊಸ ವೈರಸ್‌ಗಳು ಹುಟ್ಟುವ ವೇಗಕ್ಕೆ ಆ ಪಟ್ಟಿ ಸಾಲದಾಯಿತು. ದಿನಕ್ಕೆ 4,50,000ಕ್ಕೂ ಹೆಚ್ಚು ಹೊಸ ಕೆಡುಕು ತಂತ್ರಾಂಶಗಳು ತನ್ನಲ್ಲಿ ದಾಖಲಾಗುತ್ತವೆ ಎನ್ನುತ್ತದೆ ಎವಿ-ಟೆಸ್ಟ್. ಹಾಗಾಗಿ ಈಗಿನವು ಅನುಮಾನ ಬಂದ ಕಡತದ ಗುರುತನ್ನು ನೆಟ್ ಮೂಲಕ ಕಂಪನಿಯ ಸರ್ವರಿಗೆ ಕಳಿಸಿ ಕೇಳುತ್ತವೆ. ಗೇಟಿನ ಕಾವಲುಗಾರ ಗುರುತಿಲ್ಲದವರನ್ನು ಕಂಡಾಗ ಬಂಗಲೆಗೆ ಫೋನ್ ಮಾಡಿ ‘ಬಿಡಲಾ?’ ಎಂದು ಕೇಳುವ ಹಾಗೆ. ಫೋನ್ ಸತ್ತ ದಿನ ಆತ ತನ್ನ ನೆನಪನ್ನೇ ನಂಬಬೇಕು.

ಕೆಲವು ಆಂಟಿವೈರಸ್‌ಗಳ ನೆನಪು ಚೆನ್ನಾಗಿದೆ, ಕೆಲವು ಫೋನನ್ನೇ ನೆಚ್ಚಿವೆ. ಎವಿ-ಕಂಪಾರೆಟಿವ್ಸ್‌ನ ಈ ಪರೀಕ್ಷೆಗಳಲ್ಲಿ ಡಿಫೆಂಡರ್ ನೆಟ್ ಇದ್ದಾಗ 99ರ ಆಸುಪಾಸಿನಲ್ಲೋ ಮೇಲೋ ಇದ್ದರೂ, ನೆಟ್ ತೆಗೆದಾಗ ಎದ್ದು ಕಾಣುವಷ್ಟು ಕೆಳಗಿಳಿದಿದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ದುಡ್ಡು ಕೊಟ್ಟು ಕೊಳ್ಳುವ ಟ್ರೆಂಡ್ ಮೈಕ್ರೊ ಕೂಡ ನೆಟ್ ಇಲ್ಲದಾಗ ಹೀಗೆ ಸೊರಗಿದ್ದುಂಟು. ಅದೇ ಕಾಲಂನಲ್ಲಿ ಉಚಿತವಾದ ಅವಾಸ್ಟ್, ಎವಿಜಿಗಳು ದುಡ್ಡಿನ ಬಿಟ್‌ಡಿಫೆಂಡರ್, ಜಿ ಡೇಟಾಗಳ ಜೊತೆ ಮೇಲ್ಸಾಲಿನಲ್ಲಿ ನಿಂತಿವೆ. ಉಚಿತ ಒಂದು ಕಡೆ, ದುಡ್ಡಿನದು ಇನ್ನೊಂದು ಕಡೆ ಎಂಬ ವಿಂಗಡಣೆಯೇ ಇಲ್ಲಿ ಬೀಳುವುದಿಲ್ಲ. ನೆನಪಿರುವವು, ಇಲ್ಲದವು ಎಂದಷ್ಟೇ ವಿಂಗಡಣೆ.

ಕೊಳ್ಳುವ ಮೊದಲು ಹೊಸ ವರದಿ ತೆರೆದು ಈ ಒಂದು ಅಂಕಿಯನ್ನು ನೋಡಿ. ಅಂಕಗಳು ಸುತ್ತಿನಿಂದ ಸುತ್ತಿಗೆ ಬದಲಾಗುತ್ತವೆ. ನೆಟ್ ಇಲ್ಲದಾಗ 90ಕ್ಕಿಂತ ಮೇಲೆ, ನೆಟ್ ಇದ್ದಾಗ 99ಕ್ಕಿಂತ ಮೇಲೆ, ಎರಡು ಮೂರು ಸುತ್ತಿನಲ್ಲಿ ಹೀಗೇ ನಿಂತಿದ್ದರೆ ಅದು ನಮ್ಮ ಗುಡ್ಡಕ್ಕೆ ಒಗ್ಗುವ ಆಂಟಿವೈರಸ್. ಇದು ನಾನು ಇಟ್ಟುಕೊಂಡಿರುವ ಅಳತೆ.

ಡಿಫೆಂಡರನ್ನೇ ಇಟ್ಟುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಡೇಟಾ ಉಳಿಸಲು ಹಲವರು ‘ಮೀಟರ್ಡ್ ಕನೆಕ್ಷನ್’ ಹಾಕಿಟ್ಟಿರುತ್ತಾರೆ. ಆಗ ವಿಂಡೋಸ್ ಬಹಳಷ್ಟು ಅಪ್‌ಡೇಟುಗಳನ್ನು ತಡೆದಿಡುತ್ತದೆ. ವಾರಕ್ಕೊಮ್ಮೆ ನೀವೇ ವಿಂಡೋಸ್ ಸೆಕ್ಯುರಿಟಿ ತೆರೆದು ಅಪ್‌ಡೇಟ್ ಒತ್ತಿ. ನೆಟ್ ಪೂರಾ ಇಲ್ಲದ ಕಡೆಗೆ ಡಿಫೆಂಡರ್‌ನ ಹೊಸ ಪಟ್ಟಿಯನ್ನು ಮೈಕ್ರೋಸಾಫ್ಟ್ ತಾಣದಿಂದ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದು ಹಾಕಲೂ ಬರುತ್ತದೆ.

ಸಾಚಾ ಕಡತವನ್ನು ಕಳ್ಳ ಎಂದರೆ

ತಪ್ಪು ಕೂಗಿನ ಅಂಕವನ್ನು ಕನ್ನಡದಲ್ಲಿ ಬರೆಯುವವರು ಹೆಚ್ಚು ಗಮನಿಸಬೇಕು. ಮೂಡಿಗೆರೆಯ ಸಾಹಿತಿ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶಕ್ಕಾಗಿ ದನಿ ಎತ್ತಿದವರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಇಂಥ ತಂತ್ರಾಂಶಗಳು, ನುಡಿ, ಬರಹ ಸೇರಿದಂತೆ, ನಾವು ಒತ್ತುವ ಕೀಲಿಗಳನ್ನು ನಡುವೆ ಹಿಡಿದು ಕನ್ನಡದ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ವೈರಸ್ಸೂ ಕೀಲಿ ಒತ್ತುವುದನ್ನೇ ಹಿಡಿಯುತ್ತದೆ. ಲೋಕದಲ್ಲಿ ಕೋಟಿಗಟ್ಟಲೆ ಜನ ಬಳಸುವ ತಂತ್ರಾಂಶವನ್ನು ಆಂಟಿವೈರಸ್ ಗುರುತು ಹಿಡಿಯುತ್ತದೆ. ಅಷ್ಟು ಜನ ಬಳಸದ ಕನ್ನಡದ ಹಳೆಯ ತಂತ್ರಾಂಶದ ಮೇಲೆ ಅದಕ್ಕೆ ಅನುಮಾನ ಬರುವುದು ಸಹಜ.

ಹಾಗಾದಾಗ ಆಂಟಿವೈರಸ್ಸನ್ನೇ ಬಂದ್ ಮಾಡಬೇಡಿ. ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಇಳಿಸಿಕೊಂಡಿದ್ದೀರಾ ನೋಡಿ. ಆ ಕಡತವನ್ನು ವೈರಸ್‌ಟೋಟಲ್ ಎಂಬ ತಾಣಕ್ಕೆ ಹಾಕಿದರೆ ಹತ್ತಾರು ಆಂಟಿವೈರಸ್‌ಗಳು ಅದರ ಬಗ್ಗೆ ಏನನ್ನುತ್ತವೆ ಎಂಬುದು ಒಟ್ಟಿಗೇ ಸಿಗುತ್ತದೆ. ಒಂದೆರಡು ಮಾತ್ರ ಕೂಗಿದರೆ ಅದು ಬಹುಶಃ ತಪ್ಪು ಕೂಗು, ಮೂವತ್ತು ಕೂಗಿದರೆ ಕಡತ ಬಿಸಾಡಿ. ಪಹಣಿ, ಆಧಾರ್, ಬ್ಯಾಂಕಿನ ಕಾಗದಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ. ಆ ತಾಣಕ್ಕೆ ಹೋದ ಕಡತ ಬೇರೆಯವರ ಕೈಗೂ ಸಿಗುತ್ತದೆ.

ಅಂಕಪಟ್ಟಿಯಲ್ಲಿ ಇಲ್ಲದ ಬೆಲೆ

ಉಚಿತಕ್ಕೂ ಬೆಲೆ ಇರಬಹುದು. ಅವಾಸ್ಟ್ ತನ್ನ ಬಳಕೆದಾರರು ಯಾವ ತಾಣಕ್ಕೆ ಹೋದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರ ಜನವರಿಯಲ್ಲಿ ಬಯಲಾಯಿತು. ಜಂಪ್‌ಶಾಟನ್ನು ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 165 ಲಕ್ಷ ಡಾಲರ್ ದಂಡ ಹಾಕಿ, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರದಂತೆ ತಡೆಯಿತು. ವೈರಸ್ ಹಿಡಿಯುವುದರಲ್ಲಿ ಅಂಕ ಪಡೆದದ್ದು ನಮ್ಮ ಗುಟ್ಟು ಕಾಯುತ್ತದೆ ಎಂದೇನಿಲ್ಲ. ಉಚಿತದ್ದನ್ನು ಹಾಕಿಕೊಂಡ ದಿನವೇ ಸೆಟ್ಟಿಂಗಿನ ಪ್ರೈವೆಸಿ ಭಾಗಕ್ಕೆ ಹೋಗಿ ಮಾಹಿತಿ ಹಂಚುವ ಒಪ್ಪಿಗೆಗಳನ್ನೆಲ್ಲ ತೆಗೆದುಹಾಕಿ.

ಲೈಸನ್ಸಿನ ಮಾತೂ ಇದೆ. ಅವಾಸ್ಟ್, ಎವಿಜಿಯ ಉಚಿತ ಆವೃತ್ತಿಗಳು ಸ್ವಂತ ಬಳಕೆಗೆ ಮಾತ್ರ. ತೋಟದ ಆಫೀಸು, ಹೋಂಸ್ಟೇ, ಅಂಗಡಿಗಳಲ್ಲಿ ಅವನ್ನು ಬಳಸುವುದು ನಿಯಮಕ್ಕೆ ವಿರುದ್ಧ.

ದುಡ್ಡಿನದರಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಮೊದಲ ವರ್ಷ ಅಗ್ಗ, ಎರಡನೆಯ ವರ್ಷ ಕಾರ್ಡಿನಿಂದ ತಾನಾಗಿ ಪೂರ್ತಿ ಬೆಲೆ ಕಡಿತ ಎಂಬುದು ಈ ವ್ಯಾಪಾರದ ರೂಢಿ. ಹಾಗೆ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ನಿಮಗೆ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶವನ್ನು ಓದಿ, ಬೇಡವಾದರೆ ಅಲ್ಲಿಯೇ ರದ್ದು ಮಾಡಿ. ಹೊಸ ಲ್ಯಾಪ್‌ಟಾಪಿನ ಜೊತೆ ಬರುವ ಆಂಟಿವೈರಸ್ಸಿನ ಅವಧಿ ಮುಗಿದ ಮೇಲೆ ಅದನ್ನು ಹಾಗೇ ಬಿಡಬೇಡಿ. ಒಂದೋ ನವೀಕರಿಸಿ, ಇಲ್ಲವೇ ಪೂರ್ತಿ ತೆಗೆದುಹಾಕಿ. ತೆಗೆದರೆ ಡಿಫೆಂಡರ್ ತಾನಾಗಿ ಎದ್ದು ಕಾವಲಿಗೆ ನಿಲ್ಲುತ್ತದೆ. ಎರಡು ಆಂಟಿವೈರಸ್ಸನ್ನು ಒಟ್ಟಿಗೆ ಓಡಿಸುವುದು ತಪ್ಪು, ಒಂದಕ್ಕೊಂದು ಅಡ್ಡ ಬಂದು ಯಂತ್ರ ತಿಣುಕುತ್ತದೆ.

ಯಾರಿಗೆ ಯಾವುದು

ಮನೆಯ ಲ್ಯಾಪ್‌ಟಾಪು, ಓದುವ ಮಕ್ಕಳು, ಫೈಬರ್ ನೆಟ್ ಹೆಚ್ಚು ದಿನ ಇರುತ್ತದೆ: ಡಿಫೆಂಡರ್ ಸಾಕು. ಅದರಲ್ಲಿ ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವ ರಾನ್ಸಂವೇರ್ ತಡೆಯುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಆಯ್ಕೆ ಬಂದ್ ಆಗಿರುತ್ತದೆ. ಅದನ್ನು ಚಾಲೂ ಮಾಡಿ.

ಮನೆಯೇ, ಆದರೆ ಮಳೆಗಾಲವಿಡೀ ನೆಟ್ ನೆಚ್ಚುವಂತಿಲ್ಲ, ಪೆನ್‌ಡ್ರೈವ್ ಓಡಾಟವಿದೆ: ನೆಟ್ ಇಲ್ಲದ ಕಾಲಂನಲ್ಲಿ ಮೇಲಿರುವ ಉಚಿತ ಆಂಟಿವೈರಸ್ ಹಾಕಿಕೊಳ್ಳಿ.

ತೋಟದ ಆಫೀಸು, ಹೋಂಸ್ಟೇ: ಸಂಬಳದ ಲೆಕ್ಕ, ಜಿಎಸ್‌ಟಿ, ಅತಿಥಿಗಳ ಆಧಾರ್ ಪ್ರತಿ ಎಲ್ಲವೂ ಒಂದೇ ಯಂತ್ರದಲ್ಲಿರುತ್ತದೆ. ಬೇರೆಯವರ ಗುರುತಿನ ಚೀಟಿ ನಮ್ಮಲ್ಲಿದೆ ಎಂದರೆ ಅದರ ಜವಾಬ್ದಾರಿಯೂ ನಮ್ಮದೇ. ನೆಟ್ ಇಲ್ಲದಾಗಲೂ ಹಿಡಿಯುವ, ಹಗುರವಾದ, ದುಡ್ಡಿನ ಆಂಟಿವೈರಸ್ ಕೊಳ್ಳಿ.

ಜೆರಾಕ್ಸ್ ಅಂಗಡಿ, ಕಂಪ್ಯೂಟರ್ ಸೆಂಟರ್, ಗ್ರಾಮ ಒನ್ ಕೇಂದ್ರ: ಊರಿನ ಎಲ್ಲ ಪೆನ್‌ಡ್ರೈವುಗಳೂ ಹಾದುಹೋಗುವ ಜಾಗ. ಅಲ್ಲಿ ಒಂದು ಯಂತ್ರಕ್ಕೆ ರೋಗ ಹತ್ತಿದರೆ ಹೋಬಳಿಗೇ ಹರಡುತ್ತದೆ. ಇವರು ದುಡ್ಡು ಉಳಿಸುವ ಜಾಗ ಇದಲ್ಲ. ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಜಾಲಾಡುವ ಆಯ್ಕೆ ಸದಾ ಚಾಲೂ ಇರಲಿ.

ಮೊಬೈಲ್ ಮಾತ್ರ ಇರುವವರು: ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೇ ನೋಡಿ. ಮದುವೆ ಕರೆಯೋಲೆ, ವಾಹನದ ದಂಡ, ಪಿಎಂ ಕಿಸಾನ್ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ, ಅಂದರೆ ಆ್ಯಪ್ ಹಾಕುವ ಕಡತವನ್ನು ಒತ್ತಬೇಡಿ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಎಪಿಕೆ ಆಗಿ ಬರುವುದಿಲ್ಲ.

ಇಂದೇ ಮಾಡಬಹುದಾದ ಆರು ಕೆಲಸ

1. ನಿಮ್ಮ ಕಾವಲುಗಾರ ಎಚ್ಚರವಿದ್ದಾನೆಯೇ ಎಂದು ಪರೀಕ್ಷಿಸಿ. ಐಕಾರ್ ಎಂಬ ಸಂಸ್ಥೆಯ ತಾಣದಲ್ಲಿ 68 ಅಕ್ಷರಗಳ ಒಂದು ಸಾಲು ಸಿಗುತ್ತದೆ. ಅದರಿಂದ ಯಾವ ತೊಂದರೆಯೂ ಇಲ್ಲ. ಪರೀಕ್ಷೆಗೆಂದೇ ಮಾಡಿದ್ದು. ಅದನ್ನು ನೋಟ್‌ಪ್ಯಾಡಿಗೆ ಹಾಕಿ ಉಳಿಸಿ. ಆಂಟಿವೈರಸ್ ಕೂಡಲೇ ಕೂಗಿ ಆ ಕಡತವನ್ನು ಕಿತ್ತುಕೊಳ್ಳಬೇಕು. ಸುಮ್ಮನಿದ್ದರೆ ಅದು ನಿದ್ದೆಯಲ್ಲಿದೆ ಎಂದೇ ಅರ್ಥ. ಇದು ಎಚ್ಚರದ ಪರೀಕ್ಷೆ ಮಾತ್ರ, ಶಕ್ತಿಯ ಪರೀಕ್ಷೆ ಅಲ್ಲ.

2. ವಿಂಡೋಸ್ ಯಾವುದು ನೋಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಿಟಕಿ ಮುರಿದ ಮನೆಗೆ ಒಳ್ಳೆಯ ಬೀಗ ಹಾಕಿ ಫಲವಿಲ್ಲ. 2017ರ ಮೇ ತಿಂಗಳಲ್ಲಿ ಲೋಕವನ್ನೇ ನಡುಗಿಸಿದ ವನ್ನಾಕ್ರೈ ಎಂಬ ರಾನ್ಸಂವೇರ್ ನುಗ್ಗಿದ ದಾರಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

3. ಕ್ರ್ಯಾಕ್ ಮಾಡಿದ ವಿಂಡೋಸ್, ಆಫೀಸ್ ಇದ್ದರೆ ತೆಗೆಸಿ. ಹಾಕುವಾಗ ‘ಆಂಟಿವೈರಸ್ ಬಂದ್ ಮಾಡಿ’ ಎಂದು ಕೇಳುವ ತಂತ್ರಾಂಶವನ್ನು ಮನೆಯೊಳಗೆ ಬಿಡಬೇಡಿ.

4. ಅನುಮಾನ ಬಂದರೆ ಎರಡನೆಯ ಅಭಿಪ್ರಾಯ ಕೇಳಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಕಂಪ್ಯೂಟರ್ ಶುಚಿ ಮಾಡುವ ಸಲಕರಣೆ ಉಚಿತವಾಗಿ ಸಿಗುತ್ತದೆ. ಒಂದು ಸಲ ಗುಡಿಸಲು ಅದು ಒಳ್ಳೆಯದು, ದಿನದ ಕಾವಲಿಗೆ ಅಲ್ಲ. ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ಕೂಡ ವಿಂಡೋಸ್ ಏಳುವ ಮೊದಲೇ ಜಾಲಾಡಿ ಅಡಗಿದ್ದನ್ನು ಹುಡುಕುತ್ತದೆ.

5. ಲೆಕ್ಕದ ಒಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ತಂತಿ ಕಿತ್ತು ಬೀರುವಿನಲ್ಲಿಡಿ. ಏಪ್ರಿಲ್ ಗುಡುಗಿಗೆ ಹೆದರಿ ಪ್ಲಗ್ ಕಿತ್ತಿಡುವ ಅಭ್ಯಾಸ ನಮಗೆ ಇದ್ದೇ ಇದೆ. ಸಿಡಿಲಿಗೆ ಸಿಗದ ಡಿಸ್ಕು ರಾನ್ಸಂವೇರ್‌ಗೂ ಸಿಗುವುದಿಲ್ಲ.

6. ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆಯ ಮೇಲೆ ಬಂದರೆ ಕರೆ ಮಾಡಬೇಡಿ. ಅಸಲಿ ಆಂಟಿವೈರಸ್ಸನ್ನೇ ತೆರೆದು ಅವಧಿ ನೋಡಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಫೋನಿನಲ್ಲಿ ಹೆದರಿಸಿ ಒಟಿಪಿ ಕೇಳುವವನನ್ನು ಯಾವ ಆಂಟಿವೈರಸ್ಸೂ ತಡೆಯಲಾರದು. ಅಲ್ಲಿ ಕಾಯಬೇಕಾದವರು ನಾವೇ.

ಮಳೆ ಹಿಡಿಯುವ ಮೊದಲು ತೋಟಕ್ಕೆ ಬೋರ್ಡೋ ಹೊಡೆದು ಮುಗಿಸಬೇಕು ಎಂಬುದನ್ನು ಯಾರೂ ನಮಗೆ ನೆನಪಿಸಬೇಕಿಲ್ಲ. ಕೊಳೆರೋಗ ಬಂದ ಮೇಲೆ ಹೊಡೆದು ಹೆಚ್ಚು ಉಪಯೋಗವಿಲ್ಲ ಎಂಬುದು ಗೊತ್ತು. ಅದೇ ವಾರ ಒಂದು ಗಂಟೆಯನ್ನು ಆಫೀಸಿನ ಕಂಪ್ಯೂಟರಿಗೂ ಇಡಿ. ಅಪ್‌ಡೇಟ್ ಹಾಕಿ, ನೆಟ್ ಇಲ್ಲದ ಕಾಲಂ ನೋಡಿ ಆಂಟಿವೈರಸ್ ಆರಿಸಿ, ಲೆಕ್ಕದ ಪ್ರತಿ ತೆಗೆದಿಡಿ. ಪಕ್ಕದ ತೋಟದವರಿಗೂ, ನೀವು ಪ್ರಿಂಟ್ ತೆಗೆಸುವ ಅಂಗಡಿಯವರಿಗೂ ಈ ಮಾತು ತಿಳಿಸಿ. ಪೆನ್‌ಡ್ರೈವ್ ಓಡಾಡುವ ಊರಿನಲ್ಲಿ ಒಬ್ಬರು ಜಾಗ್ರತೆಯಾಗಿದ್ದರೆ ಸಾಲದು.